ಮೀಸೆ

ಮಂಗಳವಾರದ ಪಟ್ಟಿಯಲ್ಲಿ ಹೀಗಿತ್ತು:
ಹುಡುಕಿದ್ದು, ಮೀಸೆ. ಸಿಕ್ಕಿದ್ದು, ಸೊನ್ನೆ.
ಸಣ್ಣ ಮೀಸೆ. ಸೊನ್ನೆ.
ದಾರದ ಮೀಸೆ, ಹಳೇ ಮೆಷಿನ್ನಿಂದು. ಸೊನ್ನೆ.
ನಿಮಗೆ ಬೇಕಿದ್ದದ್ದು ‘ಮೇಜು’ ಇರಬಹುದೇ? ಎಂದು ಕೇಳಿದೆವು.
ಹೊರಟುಹೋದರು.

ಹೊಲಿಗೆ ಯಂತ್ರದ ಬಿಡಿಭಾಗ ಮಾರುವವರು ನಾವು,
ವೂಚ್ ಊರಿನಲ್ಲಿ. ಆ ಹೆಸರಿಗೆ ದೋಣಿ ಎಂದರ್ಥ,
ಹೇಳಿಕೊಳ್ಳುವಂಥ ಹೊಳೆಯೇ ಇಲ್ಲ.
ಒಂದು ಕಾಲಕ್ಕೆ ಗಿರಣಿಗಳ ಊರು; ಈಗ ಅದೇ ಗಿರಣಿಯ ಕೆಂಪು ಗೋಡೆಯೊಳಗೆ
ಕಾಫಿ ಹೀರುತ್ತ ಪರದೆ ನೋಡುತ್ತೇವೆ.

ದೊಬ್ರೋಮಿರ್ ನಕ್ಕ. ಯಾರೋ ಕುಡಿದು ಒತ್ತಿದ್ದು, ಬಿಡು.
ನೂರಕ್ಕೆ ಮೂವತ್ತೊಂದು ಜನ ಬರಿಗೈಲಿ ಹೋಗುತ್ತಿದ್ದಾರೆ,
ಹುಡುಕುವ ಗುಂಡಿಗೆ ಕಿತ್ತಳೆ ಬಣ್ಣ ಬಳಿಯೋಣ.
ಬಳಿದೆವು.
ಮೂವತ್ತೊಂದು ಕದಲದೆ ಕೂತಿತ್ತು.

ಹಾಗಾಗಿ ಬಾವುತಿ ಬಡಾವಣೆಯ ಮೂರನೇ ಮಹಡಿ,
ಗೆನೋವೆಫಾ ಅವರ ಹೊಲಿಗೆ ಕೋಣೆ, ಒಂದು ಸ್ಟೂಲು.
ಹಿಂದೆ ಕೂತಿರುತ್ತೇನೆ, ಮಾತಾಡುವುದಿಲ್ಲ,
ಎಂದಿನಂತೆ ಹುಡುಕಿ, ಎಂದೆ.
ಎಂದಿನಂತೆ ಮೊದಲು ಕನ್ನಡಕ ಹುಡುಕಿದರು.
ಹಣೆಯ ಮೇಲಿತ್ತು.

ತೋರುಬೆರಳು ಒತ್ತಿದರು, ಏನೂ ಆಗಲಿಲ್ಲ.
ಐವತ್ತು ವರ್ಷ ಸೂಜಿಗೆ ಸಿಕ್ಕಿ ಸಿಕ್ಕಿ ಜಡ್ಡುಗಟ್ಟಿದ ತುದಿ,
ಪರದೆಗೆ ಅದು ಬೆರಳೆಂದೇ ಗೊತ್ತಾಗಲಿಲ್ಲ.
ಕಿರುಬೆರಳಿಂದ ಬರೆದರು. ಅಳಿಸಿದರು.
ನನ್ನತ್ತ ತಿರುಗಿ ನೋಡಿ ಇನ್ನೂ ಸಭ್ಯವಾದದ್ದೇನೋ ಬರೆದರು.
ಅದನ್ನೂ ಅಳಿಸಿದರು.

ಅಳಿಸಿದ್ದು ನಮ್ಮ ಪಟ್ಟಿಗೆ ಬರುವುದಿಲ್ಲ.
ತುಟಿ ಅಲುಗಿದ್ದು ಬರುವುದಿಲ್ಲ.
ಕೊನೆಗೆ ಬಂದ ಸೊನ್ನೆಯ ಎದುರು ತಲೆ ಬಾಗಿಸಿ
ಆ ಮಶೀನಿಗೆ, “ಕ್ಷಮಿಸಪ್ಪಾ” ಎಂದದ್ದು
ಯಾವ ಕಾಲಮ್ಮಿನಲ್ಲೂ ಇಲ್ಲ.

ನಿಯಮ ಮುರಿದು ಕೇಳಿದೆ: ಮೀಸೆ ಅಂದರೆ?
ಯಂತ್ರದ ಮುಖದ ತಗಡು ತೆಗೆದು ತೋರಿಸಿದರು,
ಬಾಗಿದ ತಂತಿ, ಕೂದಲಷ್ಟೇ ದಪ್ಪ, ತುದಿ ಮುರಿದದ್ದು.
“ಸಾಲಿಗೆ ನಲವತ್ತು ಹೆಂಗಸರು ನಾವು. ಇದು ಮುರಿದರೆ
ಮೀಸೆ ಹೋಯ್ತು ಅಂತ ಮೆಕ್ಯಾನಿಕ್ಕನ್ನು ಕೂಗುತ್ತಿದ್ದೆವು.
ಅವನು ತನ್ನದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ.”
ಐವತ್ತು ವರ್ಷದ ಹಿಂದಿನ ನಗೆ, ಕೆಮ್ಮಿನವರೆಗೂ ಬಂತು.

ನಮ್ಮಲ್ಲಿ ಅದರ ಹೆಸರು:
ದಾರ ಬಿಗಿತ ನಿಯಂತ್ರಕ ಸ್ಪ್ರಿಂಗ್, ಎಡಬಾಗು, 4117-ಬಿ.
ಉಗ್ರಾಣದಲ್ಲಿ ಎಂಟುನೂರ ಆರು ಇದ್ದವು.
ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ;
ನಾವೋ, ಕೂಸಿಟ್ಟುಕೊಂಡೇ
ಕೇಳಲು ಬಂದವರಿಗೆ ಇಲ್ಲ ಎಂದವರು.

ಆಮೇಲೆ ಒಂದು ವರ್ಷದ ಸೊನ್ನೆಗಳನ್ನೆಲ್ಲ ಅಚ್ಚು ಹಾಕಿಸಿ
ಪೆನ್ಸಿಲ್ಲು ಹಿಡಿದು ಕೂತೆ.
ಬಾಬಿನ್ ಮಲಗುವ ತೊಟ್ಟಿಲು.
ಬಟ್ಟೆ ತಳ್ಳುವ ಹಲ್ಲು.
ಚಳಿಗೆ ಕಟಕಟ ಅನ್ನುವ ಅರ್ಧಚಂದ್ರ.
ತಪ್ಪು ಎಂದು ನಾವು ಬದಿಗಿಟ್ಟಿದ್ದ ರಾಶಿ
ಒಂದು ಕೆಲಸದ ಪೂರಾ ಭಾಷೆಯಾಗಿತ್ತು.
ಒಂದೊಂದೇ ಮಾತನ್ನು ಒಂದೊಂದು ಡಬ್ಬಿಗೆ ಕಟ್ಟಿದೆ.

ಮಾರ್ಚಿಯಲ್ಲಿ ಸುವಾಲ್ಕಿಯಿಂದ ಯಾರೋ:
ಹುಡುಕಿದ್ದು, ಮೀಸೆ. ಸಿಕ್ಕಿದ್ದು, ಒಂದು.
ಎರಡು ಕೊಂಡರು, ಮತ್ತೆ ಮುರಿದರೆ ಇರಲಿ ಎಂದಿರಬೇಕು.
ಮೂವತ್ತೊಂದು ಹತ್ತೊಂಬತ್ತಕ್ಕೆ ಇಳಿಯಿತು.
ನೋಡಿದೆಯಾ, ಎಂದ ದೊಬ್ರೋಮಿರ್, ಕಿತ್ತಳೆ ಬಣ್ಣ.

ಒಂದು ಸಾಲನ್ನು ಮಾತ್ರ ಎಲ್ಲಿಗೆ ಕಟ್ಟಬೇಕೆಂದು ತಿಳಿಯದೆ ಕೂತಿದ್ದೇನೆ.
ರಾತ್ರಿ ಎರಡೂ ಹತ್ತಕ್ಕೆ ಬರೆದದ್ದು:
ಅಮ್ಮ ಹೊಲಿಯುವಾಗ ಬರುತ್ತಿದ್ದ ವಾಸನೆ, ಯಾವ ಎಣ್ಣೆ.
ಸದ್ಯಕ್ಕೆ ನೂರು ಮಿಲಿಯ ಬಿಳಿ ಬಾಟಲಿಗೆ ಸೇರಿಸಿದ್ದೇನೆ.
ಅದಾದ ಮೇಲೆ ಒಬ್ಬರು ಒತ್ತಿದ್ದಾರೆ.
ನಾಲ್ಕು ನಿಮಿಷ ಆ ಪುಟದಲ್ಲಿ ನಿಂತು,
ಕೊಳ್ಳದೆ ಹೋಗಿದ್ದಾರೆ.